ಹೇಳೋರಿಲ್ಲ, ಕೇಳೋರಿಲ್ಲ: ನನ್ನ ಥೈರಾಯ್ಡ್‌ನ ಎರಡು ವರ್ಷ

ಬೋರ್ಡ್ ಮೇಲೆ ನಾನು ಎಳೆದ ಸರಳರೇಖೆ ಅಲೆಅಲೆಯಾಗಿ ಬಂತು. ಏಳನೇ ತರಗತಿಯ ಮಕ್ಕಳು ನಕ್ಕರು. ನಾನೂ ನಕ್ಕು, ಅಳಿಸಿ, ಮತ್ತೆ ಎಳೆದೆ. ಮತ್ತೆ ಅದೇ ಅಲೆ. ಸ್ಕೇಲ್ ಇಟ್ಟು ಎಳೆದೆ. ಸ್ಕೇಲೇ ನಡುಗುತ್ತಿತ್ತು.

ಅದಕ್ಕೂ ಎರಡು ತಿಂಗಳ ಮೊದಲಿನಿಂದ ಏನೋ ಸರಿ ಇರಲಿಲ್ಲ. ರಾತ್ರಿ ಎಡಕ್ಕೆ ಹೊರಳಿ ಮಲಗಿದರೆ ಎದೆ ಬಡಿತ ದಿಂಬಿನಲ್ಲಿ ಕೇಳಿಸುತ್ತಿತ್ತು. ಎಲ್ಲರೂ ಶಾಲು ಹೊದ್ದು ಕೂತಿದ್ದರೆ ನನಗೆ ಫ್ಯಾನ್ ಬೇಕು. ಎರಡು ಪಟ್ಟು ತಿನ್ನುತ್ತಿದ್ದೆ, ಆದರೂ ಏಳು ಕೆಜಿ ಇಳಿದಿದ್ದೆ. ಮೊದಮೊದಲು ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕುಕ್ಕರುಗಾಲಲ್ಲಿ ಕೂತರೆ ಕೈ ಊರದೆ ಏಳಲು ಆಗದ ಸ್ಥಿತಿ ಬಂತು. ತೊಡೆಯಲ್ಲಿ ಶಕ್ತಿಯೇ ಇಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು: ಟೆನ್ಷನ್ ಮಾಡ್ಕೋಬೇಡಿ.

ರಕ್ತ ಪರೀಕ್ಷೆ ಮಾಡಿಸಿದೆ. ರಿಪೋರ್ಟಿನಲ್ಲಿ ಟಿಎಸ್‌ಎಚ್ 0.005ಕ್ಕಿಂತ ಕಡಿಮೆ, ಪಕ್ಕದಲ್ಲಿ 'ಲೋ' ಅಂತ ಗುರುತು. ಅಕ್ಕನಿಗೆ ಆರು ವರ್ಷದಿಂದ ಥೈರಾಯ್ಡ್ ಇದೆ, ದಿನಾ ಬೆಳಿಗ್ಗೆ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಫೋನಿನಲ್ಲಿ ಓದಿ ಹೇಳಿದೆ.

"ಲೋ ಇದೆಯಾ? ಹಾಗಾದ್ರೆ ನಂದೇ ಕಾಯಿಲೆ ಕಣೇ. ನನ್ನ ಮಾತ್ರೆ ತಗೋ, ಡಾಕ್ಟರ್ ಹತ್ರ ಹೋಗೋವರೆಗೂ."

ಎರಡು ದಿನ ತೆಗೆದುಕೊಂಡೆ. ಗಣಿತದ ಟೀಚರ್ ನಾನು. ಆದರೆ ಆ 'ಲೋ' ಯಾವುದರ ಲೋ ಅಂತ ಯೋಚಿಸಲೇ ಇಲ್ಲ. ಅದೇ ಹಾಳೆಯಲ್ಲಿ ಎರಡು ಸಾಲು ಕೆಳಗೆ ಫ್ರೀ ಟಿ4, ಅಂದರೆ ಥೈರಾಯ್ಡ್ ತಯಾರಿಸುವ ಥೈರಾಕ್ಸಿನ್ ಹಾರ್ಮೋನ್, 4.6 ಅಂತ ಇತ್ತು. ಇರಬೇಕಾದದ್ದು 1.7ರ ಒಳಗೆ.

ಡಾಕ್ಟರ್ ಮೊದಲು ರಿಪೋರ್ಟ್ ನೋಡಲಿಲ್ಲ. "ಎರಡೂ ಕೈ ಮುಂದಕ್ಕೆ ಚಾಚಿ, ಬೆರಳು ಬಿಡಿಸಿ" ಅಂದರು. ಪ್ರಿಸ್ಕ್ರಿಪ್ಷನ್ ಪ್ಯಾಡಿನಿಂದ ಒಂದು ಹಾಳೆ ಹರಿದು ನನ್ನ ಬೆರಳುಗಳ ಮೇಲೆ ಇಟ್ಟರು. ಹಾಳೆ ಗಾಳಿಗೆ ಸಿಕ್ಕ ಎಲೆಯ ಹಾಗೆ ಪಟಪಟ ಅಂತು. ಫ್ಯಾನ್ ಆಫ್ ಆಗಿತ್ತು. ಆಮೇಲೆ ಸ್ಟೆತಾಸ್ಕೋಪನ್ನು ಎದೆಗಲ್ಲ, ಕುತ್ತಿಗೆಗೆ ಇಟ್ಟರು. ಕೇಳಿ ಮುಗಿಸಿ ನನ್ನ ಕಿವಿಗೂ ಕೊಟ್ಟರು. ಸುಯ್, ಸುಯ್, ಸುಯ್. ನನ್ನದೇ ಗಂಟಲಿನಲ್ಲಿ ಯಾರೋ ಪಂಪ್ ಹೊಡೆಯುತ್ತಿದ್ದ ಹಾಗಿತ್ತು. ಥೈರಾಯ್ಡ್‌ಗೆ ಅಷ್ಟು ರಕ್ತ ನುಗ್ಗುತ್ತಿತ್ತಂತೆ.

ಅಕ್ಕನ ಮಾತ್ರೆ ವಿಷಯ ಹೇಳಿದಾಗ ಅವರು ಪೆನ್ ಕೆಳಗಿಟ್ಟರು. "ಟೀಚರ್, ಉರೀತಿರೋ ಒಲೆಗೆ ಸೀಮೆಎಣ್ಣೆ ಸುರಿದಿದ್ದೀರಿ."

ಟಿಎಸ್‌ಎಚ್ ಥೈರಾಯ್ಡ್‌ನಲ್ಲಿ ಹುಟ್ಟುವುದಿಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಆದೇಶ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಜಾಸ್ತಿಯಾದರೆ ಬಾಯಿ ಮುಚ್ಚುತ್ತದೆ. ನನ್ನ ಪಿಟ್ಯುಟರಿ ಪೂರ್ತಿ ಬಾಯಿ ಮುಚ್ಚಿ ಕೂತಿತ್ತು. ಆದರೂ ಥೈರಾಯ್ಡ್ ಹಗಲೂ ರಾತ್ರಿ ಹಾರ್ಮೋನ್ ತಯಾರಿಸುತ್ತಲೇ ಇತ್ತು. ಹಾಗಾದರೆ ಅದಕ್ಕೆ ಆದೇಶ ಕೊಡುತ್ತಿದ್ದವರು ಯಾರು?

ಆ ಪ್ರಶ್ನೆಗೆ ಉತ್ತರ ಕೊಡುವ ಪರೀಕ್ಷೆಯ ಹೆಸರು ಟಿಎಸ್‌ಎಚ್ ರಿಸೆಪ್ಟರ್ ಆಂಟಿಬಾಡಿ. ಲ್ಯಾಬಿನವರು ಚುಟುಕಾಗಿ 'ಟ್ರ್ಯಾಬ್' ಅನ್ನುತ್ತಾರೆ. ಆಂಟಿಬಾಡಿ ಅಂದರೆ ರೋಗಾಣುಗಳ ವಿರುದ್ಧ ಹೋರಾಡಲು ಬಿಳಿರಕ್ತಕಣಗಳು ತಯಾರಿಸುವ ಪ್ರೋಟೀನ್. ಇಲ್ಲಿ ಅದು ದಾರಿ ತಪ್ಪಿ ನಮ್ಮದೇ ಥೈರಾಯ್ಡ್ ಮೇಲೆ ಹೋಗುತ್ತದೆ. 1.75ರ ಒಳಗಿರಬೇಕಾದ ಅಂಕಿ ನನಗೆ 14.6 ಬಂತು. ಗ್ರೇವ್ಸ್ ಕಾಯಿಲೆ. 1835ರಲ್ಲಿ ಡಬ್ಲಿನ್‌ನ ವೈದ್ಯ ರಾಬರ್ಟ್ ಗ್ರೇವ್ಸ್ ಇದನ್ನು ವಿವರಿಸಿದ್ದರು, ಅವರದೇ ಹೆಸರು. ಸಮಾಧಿಗೆ ಸಂಬಂಧ ಇಲ್ಲ ಅಂತ ಡಾಕ್ಟರ್ ತಾವಾಗಿಯೇ ಹೇಳಿದರು. ಎಲ್ಲರೂ ಕೇಳುತ್ತಾರೆ ಅಂತ ಕಾಣುತ್ತದೆ.

ರಿಸೆಪ್ಟರ್ ಅಂದರೆ ಹಾರ್ಮೋನ್ ತಂದ ಆದೇಶವನ್ನು ಹಿಡಿದು ಜೀವಕೋಶಕ್ಕೆ ಮುಟ್ಟಿಸುವ ಪ್ರೋಟೀನ್. ಅದಕ್ಕೆ ಪಠ್ಯಪುಸ್ತಕದಲ್ಲಿ 'ಗ್ರಾಹಕ' ಅಂತ ಇರುತ್ತದೆ. ನನಗೆ ಆ ಪದ ಕೇಳಿದರೆ ಅಂಗಡಿಗೆ ಬಂದ ಗಿರಾಕಿ ನೆನಪಾಗುತ್ತಾನೆ, ಹಾಗಾಗಿ ರಿಸೆಪ್ಟರ್ ಅಂತಲೇ ಬರೆಯುತ್ತೇನೆ. ಥೈರಾಯ್ಡ್‌ನ ಜೀವಕೋಶಗಳ ಪೊರೆಯಲ್ಲಿ ಈ ರಿಸೆಪ್ಟರ್‌ಗಳು ನೆಟ್ಟುಕೊಂಡಿವೆ. ಒಂದು ಭಾಗ ಪೊರೆಯನ್ನು ಏಳು ಸಲ ಹಾಯ್ದು ಹೆಣೆದುಕೊಂಡಿದೆ. ಇನ್ನೊಂದು ದೊಡ್ಡ ಭಾಗ ಹೊರಗೆ ಚಾಚಿಕೊಂಡಿದೆ, ಕುಡುಗೋಲಿನ ಹಾಗೆ ಬಾಗಿ. ನಾನು ಮೊದಲು ಇದನ್ನು ಎಲ್ಲರ ಹಾಗೆ ಬೀಗ ಮತ್ತು ಕೀಲಿ ಅಂದುಕೊಂಡಿದ್ದೆ. ಆದರೆ 2022ರಲ್ಲಿ ಕ್ರಯೋ ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ತೆಗೆದ ಚಿತ್ರಗಳು ಬೇರೆಯದೇ ಆಟ ತೋರಿಸಿದವು. ಸುಮ್ಮನಿರುವಾಗ ಆ ಕುಡುಗೋಲು ಪೊರೆಯ ಕಡೆಗೆ ಒರಗಿ ಮಲಗಿರುತ್ತದೆ. ಟಿಎಸ್‌ಎಚ್ ಬಂದು ಅದರ ಒಳಬಾಗಿನಲ್ಲಿ ಕೂತರೆ, ಮಲಗಿಕೊಳ್ಳಲು ಜಾಗ ಸಾಲುವುದಿಲ್ಲ. ಟಿಎಸ್‌ಎಚ್‌ನ ಮೈಗೆ ಅಂಟಿದ ಸಕ್ಕರೆ ಸರಪಳಿ ಪೊರೆಗೆ ತಾಗುತ್ತದೆ. ಹಾಗಾಗಿ ರಿಸೆಪ್ಟರ್ ಎದ್ದು ನಿಲ್ಲಲೇಬೇಕು. ಎದ್ದು ನಿಂತಿತು ಅಂದರೆ ಜೀವಕೋಶದ ಒಳಗೆ ಸೈಕ್ಲಿಕ್ ಎಎಂಪಿ ಅನ್ನುವ ಸುದ್ದಿಗಾರ ಅಣು ಹುಟ್ಟುತ್ತದೆ, ಕೆಲಸ ಶುರುವಾಗುತ್ತದೆ.

ಗ್ರೇವ್ಸ್ ಕಾಯಿಲೆಯ ಆಂಟಿಬಾಡಿ ಸರಿಯಾಗಿ ಅದೇ ಜಾಗಕ್ಕೆ ಬಂದು ಕೂರುತ್ತದೆ. ನೋಡಲು ಟಿಎಸ್‌ಎಚ್ ಥರ ಏನೂ ಇಲ್ಲ. ಗಾತ್ರದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದು. ಆದರೂ ಕೂರುವ ಭಂಗಿ ಒಂದೇ, ರಿಸೆಪ್ಟರನ್ನು ಎಬ್ಬಿಸಿ ನಿಲ್ಲಿಸುವ ಕೆಲಸವೂ ಒಂದೇ. ವ್ಯತ್ಯಾಸ ಇರುವುದು ಆಮೇಲೆ. ಟಿಎಸ್‌ಎಚ್ ರಕ್ತದಲ್ಲಿ ಸುಮಾರು ಒಂದು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಈ ಜಾತಿಯ ಆಂಟಿಬಾಡಿ, ಅಂದರೆ ಐಜಿಜಿ, ಅರ್ಧಕ್ಕೆ ಇಳಿಯಲು ಸುಮಾರು ಮೂರು ವಾರ ಬೇಕು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಆಂಟಿಬಾಡಿ ತಯಾರಿಸುವ ಬಿಳಿರಕ್ತಕಣಗಳಿಗೆ ಹಾರ್ಮೋನ್ ಜಾಸ್ತಿಯಾಯಿತು ನಿಲ್ಲಿಸಿ ಅಂತ ಹೇಳುವ ದಾರಿಯೇ ಇಲ್ಲ. ಪಿಟ್ಯುಟರಿಗೆ ಕಿವಿ ಇದೆ. ಇವಕ್ಕಿಲ್ಲ. ಹೇಳೋರಿಲ್ಲ, ಕೇಳೋರಿಲ್ಲ.

ಇದು ಗೊತ್ತಾದ ಬಗೆಯೂ ಚೆನ್ನಾಗಿದೆ. 1956ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಡಂಕನ್ ಆಡಮ್ಸ್ ಮತ್ತು ಹರ್ಬರ್ಟ್ ಪರ್ವೆಸ್ ಗಿನಿಪಿಗ್‌ಗಳ ಥೈರಾಯ್ಡ್‌ಗೆ ವಿಕಿರಣ ಸೂಸುವ ಅಯೋಡಿನ್ ತುಂಬಿ, ಟಿಎಸ್‌ಎಚ್ ಚುಚ್ಚಿದರೆ ಆ ಅಯೋಡಿನ್ ಎಷ್ಟು ಬೇಗ ರಕ್ತಕ್ಕೆ ಬರುತ್ತದೆ ಅಂತ ಅಳೆಯುತ್ತಿದ್ದರು. ಎರಡು ಮೂರು ಗಂಟೆಯಲ್ಲಿ ಏರಿ ಇಳಿಯಬೇಕು. ಗ್ರೇವ್ಸ್ ರೋಗಿಯ ಸೀರಂ, ಅಂದರೆ ರಕ್ತದ ತಿಳಿ ಭಾಗ, ಚುಚ್ಚಿದಾಗ ಏರಿಕೆ ತಡವಾಗಿ ಬಂತು, ಬಹಳ ಹೊತ್ತು ನಿಂತಿತು. ಅದಕ್ಕೆ ಮುಂದೆ ಬಂದ ಹೆಸರು 'ಲಾಂಗ್ ಆಕ್ಟಿಂಗ್ ಥೈರಾಯ್ಡ್ ಸ್ಟಿಮ್ಯುಲೇಟರ್', ಬಹಳ ಹೊತ್ತು ಥೈರಾಯ್ಡನ್ನು ಓಡಿಸುವಂಥದ್ದು ಅಂತ. ಅದು ಹಾರ್ಮೋನೇ ಅಲ್ಲ, ಆಂಟಿಬಾಡಿ ಅಂತ ತಿಳಿದದ್ದು 1960ರ ದಶಕದಲ್ಲಿ.

ಮಾತ್ರೆ ಶುರುವಾಯಿತು. ಕಾರ್ಬಿಮಜೋಲ್ ದಿನಕ್ಕೆ 30 ಮಿಗ್ರಾಂ, ನಡುಕಕ್ಕೆ ಮತ್ತು ಎದೆ ಬಡಿತಕ್ಕೆ ಪ್ರೊಪ್ರನೊಲಾಲ್. ನಡುಕ ಕೆಲವೇ ದಿನದಲ್ಲಿ ತಗ್ಗಿತು, ಮಿಕ್ಕಿದ್ದು ನಿಧಾನ. ಕಾರ್ಬಿಮಜೋಲ್ ಹೊಸ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ ಅಷ್ಟೇ. ಮೊದಲೇ ತಯಾರಾಗಿ ಗೋದಾಮಿನಲ್ಲಿ ಕೂತ ಹಾರ್ಮೋನ್ ಖಾಲಿಯಾಗಲು ವಾರಗಟ್ಟಲೆ ಬೇಕು. ರಿಸೆಪ್ಟರ್ ಮೇಲೆ ಕೂತ ಆಂಟಿಬಾಡಿಯನ್ನು ಅದು ಎಬ್ಬಿಸಿ ಕಳಿಸುವುದಿಲ್ಲ.

ಡಾಕ್ಟರ್ ಒಂದು ಎಚ್ಚರಿಕೆಯನ್ನು ಪ್ರಿಸ್ಕ್ರಿಪ್ಷನ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟರು. ಜ್ವರ ಅಥವಾ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ, ಅವತ್ತೇ ರಕ್ತ ಪರೀಕ್ಷೆ. ಅಪರೂಪಕ್ಕೆ ಈ ಔಷಧಿ ಬಿಳಿರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಿಬಿಡುತ್ತದೆ. ಐದನೇ ವಾರ ನನಗೆ ಜ್ವರ ಬಂತು. ರಾತ್ರಿ ಹನ್ನೊಂದಕ್ಕೆ ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಕೆಂಪು ಅಕ್ಷರದ ಚೀಟಿ ಹಿಡಿದು ನಿಂತೆ. ಕಣಗಳ ಎಣಿಕೆ ಸರಿ ಇತ್ತು, ಬರೀ ನೆಗಡಿ ಜ್ವರ. ಆ ಚೀಟಿ ಈಗಲೂ ಪರ್ಸಿನಲ್ಲಿದೆ.

ಆರು ವಾರಕ್ಕೆ ಟಿ4 ಸರಿಹೋಯಿತು. ಟಿಎಸ್‌ಎಚ್ ಮಾತ್ರ 0.01ರಲ್ಲೇ ನಿಂತಿತ್ತು. ಔಷಧಿ ಕೆಲಸ ಮಾಡ್ತಿಲ್ಲ ಅಂತ ನಾನು ಗಾಬರಿಯಾದೆ. "ಅಷ್ಟು ದಿನ ಬಾಯಿ ಮುಚ್ಚಿಸಿದ್ದೀರಿ, ಒಂದೇ ಸಲ ಮಾತಾಡು ಅಂದ್ರೆ ಪಿಟ್ಯುಟರಿ ಹೇಗೆ ಮಾತಾಡುತ್ತೆ?" ಅಂದರು ಡಾಕ್ಟರ್. ಅದು ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ನೋಡಬೇಕಾದದ್ದು ಟಿ4 ಮತ್ತು ಥೈರಾಯ್ಡ್‌ನ ಇನ್ನೊಂದು ಹಾರ್ಮೋನ್ ಟಿ3.

ಕಣ್ಣಿನ ವಿಷಯದಲ್ಲಿ ನಾನು ಬಚಾವಾದೆ. ಸ್ವಲ್ಪ ದಿನ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು, ಹನಿ ಔಷಧಿಗೆ ಹೋಯಿತು. ಕಣ್ಣುಗುಡ್ಡೆಯ ಹಿಂದಿನ ಅಂಗಾಂಶದ ಜೀವಕೋಶಗಳಲ್ಲೂ ಇದೇ ಟಿಎಸ್‌ಎಚ್ ರಿಸೆಪ್ಟರ್ ಇದೆ, ಹಾಗಾಗಿ ಗ್ರೇವ್ಸ್‌ನಲ್ಲಿ ಕೆಲವರ ಕಣ್ಣು ಮುಂದಕ್ಕೆ ಬರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಅದು ಜಾಸ್ತಿ, ಜೋರೂ ಹೌದು.

ಎಂಟನೇ ತಿಂಗಳು ದೊಡ್ಡ ಎಡವಟ್ಟಾಯಿತು, ತಪ್ಪು ನನ್ನದೇ. ನಾನು ಆರಾಮಾಗಿದ್ದೆ. ರೇಖೆ ನೆಟ್ಟಗೆ ಬರುತ್ತಿತ್ತು, ತೂಕ ವಾಪಸ್ ಬಂದಿತ್ತು. ಆದರೆ ರಿಪೋರ್ಟ್ ಬೇರೆಯೇ ಹೇಳಿತು: ಟಿಎಸ್‌ಎಚ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ, ಟಿ4 ಜಾಸ್ತಿ, ಟ್ರ್ಯಾಬ್ 40ಕ್ಕಿಂತ ಹೆಚ್ಚು. ಆ ಯಂತ್ರ ಅದಕ್ಕಿಂತ ಮೇಲೆ ಎಣಿಸುವುದೇ ಇಲ್ಲ. ಡಾಕ್ಟರ್ ಮತ್ತೆ ಹಾಳೆ ಹರಿದು ನನ್ನ ಬೆರಳ ಮೇಲಿಟ್ಟರು. ಹಾಳೆ ಅಲ್ಲಾಡಲಿಲ್ಲ. ನಾಡಿ 74.

"ಬೇರೆ ಏನಾದ್ರೂ ಮಾತ್ರೆ ತಗೊಳ್ತಿದ್ದೀರಾ?"

"ಇಲ್ಲ ಡಾಕ್ಟ್ರೇ."

"ವಿಟಮಿನ್? ಕೂದಲಿಗೆ?"

ಕೂದಲಿಗೆ! ಥೈರಾಯ್ಡ್‌ನಿಂದ ಕೂದಲು ಉದುರುತ್ತಿತ್ತು ಅಂತ ಎರಡು ತಿಂಗಳಿಂದ ಬಯೋಟಿನ್ ನುಂಗುತ್ತಿದ್ದೆ, ದಿನಕ್ಕೆ 10 ಮಿಗ್ರಾಂ. ಅದನ್ನು ನಾನು ಔಷಧಿ ಅಂತ ಎಣಿಸಿರಲೇ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಲ್ಯಾಬಿನ ಒಳಗೆ ಏನಾಗುತ್ತದೆ ಅಂತ ಗೊತ್ತಾದದ್ದು ಈ ಎಡವಟ್ಟಿನಿಂದಲೇ. ನನ್ನ ರಕ್ತ ಪರೀಕ್ಷಿಸಿದ ಥರದ ಕಿಟ್‌ನಲ್ಲಿ ಹಂದಿಯ ಟಿಎಸ್‌ಎಚ್ ರಿಸೆಪ್ಟರ್ ಇರುತ್ತದೆ. ಅದರ ಮೇಲೆ ಮೊದಲು ನನ್ನ ಸೀರಂ ಹಾಕುತ್ತಾರೆ. ಆಮೇಲೆ ಬೆಳಕು ಕೊಡುವ ಗುರುತು ಅಂಟಿಸಿದ ಇನ್ನೊಂದು ಆಂಟಿಬಾಡಿ ಹಾಕುತ್ತಾರೆ. ನನ್ನ ಆಂಟಿಬಾಡಿ ಜಾಗ ಹಿಡಿದಿದ್ದರೆ ಎರಡನೆಯದಕ್ಕೆ ಸೀಟ್ ಸಿಗುವುದಿಲ್ಲ, ಬೆಳಕು ಕಡಿಮೆಯಾಗುತ್ತದೆ. ಬೆಳಕು ಕಡಿಮೆ ಅಂದರೆ ಟ್ರ್ಯಾಬ್ ಜಾಸ್ತಿ. ಕೊನೆಗೆ ಇವೆಲ್ಲವನ್ನೂ ಹಿಡಿದು ಅಳೆಯಲು ಬಳಸುವ ಅಂಟು ಯಾವುದು ಗೊತ್ತಾ? ಬಯೋಟಿನ್ ಮತ್ತು ಅದನ್ನು ಬಿಗಿಯಾಗಿ ಹಿಡಿಯುವ ಪ್ರೋಟೀನ್ ಸ್ಟ್ರೆಪ್ಟಾವಿಡಿನ್, ಈ ಜೋಡಿ. ನನ್ನ ರಕ್ತದಲ್ಲಿ ತೇಲುತ್ತಿದ್ದ ಬಯೋಟಿನ್ ಹೋಗಿ ಸ್ಟ್ರೆಪ್ಟಾವಿಡಿನ್ನನ್ನೆಲ್ಲ ತಬ್ಬಿಕೊಂಡುಬಿಟ್ಟಿತು. ಅಳೆಯಬೇಕಾದದ್ದು ಅಂಟಲೇ ಇಲ್ಲ, ತೊಳೆದುಹೋಯಿತು. ಬೆಳಕಿಲ್ಲ, ಆದ್ದರಿಂದ ಆಂಟಿಬಾಡಿ ವಿಪರೀತ ಅಂತ ಯಂತ್ರ ತೀರ್ಮಾನಿಸಿತು. ಟಿಎಸ್‌ಎಚ್ ಅಳೆಯುವ ವಿಧಾನ ಇದಕ್ಕೆ ತಿರುಗುಮುರುಗು, ಅಲ್ಲಿ ಬೆಳಕು ಕಡಿಮೆ ಅಂದರೆ ಟಿಎಸ್‌ಎಚ್ ಕಡಿಮೆ. ಟಿ4ಗೆ ಮತ್ತೆ ಟ್ರ್ಯಾಬ್ ಥರವೇ. ಮೂರೂ ಸೇರಿ ಅಚ್ಚುಕಟ್ಟಾದ ಗ್ರೇವ್ಸ್ ಕಾಯಿಲೆಯನ್ನೇ ಹಾಳೆಯ ಮೇಲೆ ಬಿಡಿಸಿದ್ದವು. ಬಯೋಟಿನ್ ಬಿಟ್ಟು ಒಂದು ವಾರದ ಮೇಲೆ ಮತ್ತೆ ರಕ್ತ ಕೊಟ್ಟೆ. ಟಿ4 ಸರಿ, ಟಿಎಸ್‌ಎಚ್ 1.1, ಟ್ರ್ಯಾಬ್ 5.1. ಆ ಸುಳ್ಳು ರಿಪೋರ್ಟ್ ನಂಬಿ ಡಾಕ್ಟರ್ ಡೋಸ್ ಏರಿಸಿದ್ದರೆ ನನ್ನ ಗತಿ?

ಆ ಕಿಟ್‌ನ 'ಇನ್ನೊಂದು ಆಂಟಿಬಾಡಿ'ಗೂ ಒಂದು ಕಥೆ ಇದೆ. ಅದರ ಹೆಸರು ಎಂ22. 2003ರಲ್ಲಿ ಒಬ್ಬ ಗ್ರೇವ್ಸ್ ರೋಗಿಯ ಬಿಳಿರಕ್ತಕಣದಿಂದ ಪಡೆದದ್ದು. ಅದು ರಿಸೆಪ್ಟರನ್ನು ಅಪ್ಪಿಕೊಂಡಿರುವ ಸ್ಫಟಿಕ ಚಿತ್ರ 2007ರಲ್ಲಿ ಪ್ರಕಟವಾಯಿತು. ಅಂದರೆ ಆ ಪುಟ್ಟ ಕೊಳವೆಯಲ್ಲಿ ನನ್ನ ಆಂಟಿಬಾಡಿ ಪೈಪೋಟಿ ಮಾಡುತ್ತಿದ್ದದ್ದು ನನ್ನ ಹಾಗೇ ಕೈ ನಡುಗಿದ್ದ, ರಾತ್ರಿ ಎದೆ ಬಡಿತ ಎಣಿಸಿದ್ದ ಇನ್ಯಾರೋ ಒಬ್ಬರ ಆಂಟಿಬಾಡಿಯ ಜೊತೆ. ಅವರು ಯಾರೋ, ಏನೋ. ಒಂದು ದಿನ ಪೂರ್ತಿ ಅದನ್ನೇ ಯೋಚಿಸುತ್ತಿದ್ದೆ.

ಹದಿನೈದನೇ ತಿಂಗಳಿಗೆ ಕಾರ್ಬಿಮಜೋಲ್ 5 ಮಿಗ್ರಾಂಗೆ ಇಳಿದಿತ್ತು. ಅಷ್ಟು ಕಡಿಮೆ ಡೋಸಿನಲ್ಲೂ ಟಿಎಸ್‌ಎಚ್ 9ಕ್ಕೆ ಏರಿತು, ಅಂದರೆ ಈಗ ಹಾರ್ಮೋನ್ ಸಾಲುತ್ತಿಲ್ಲ. ಡಾಕ್ಟರ್ ಮಾತ್ರೆ ಪೂರ್ತಿ ನಿಲ್ಲಿಸಿದರು. ಸಾಮಾನ್ಯವಾಗಿ ಭಯ ಇರುವುದು ಕಾಯಿಲೆ ಮರುಕಳಿಸುವ ಬಗ್ಗೆ. ಔಷಧಿ ಬಿಟ್ಟವರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಮರಳುತ್ತದೆ. ನಾನು ದಿನಾ ಬೆಳಿಗ್ಗೆ ಕೈ ಚಾಚಿ ಹಾಳೆ ಇಟ್ಟು ನೋಡುತ್ತಿದ್ದೆ. ಹಾಳೆ ಕಲ್ಲಿನ ಹಾಗೆ ಕೂತಿತ್ತು. ಆದರೆ ಹಾಗೆ ನೋಡುವಾಗ ಗೊತ್ತಾಯಿತು, ಬೆರಳು ಊದಿಕೊಂಡಿವೆ. ಉಂಗುರ ಬರುತ್ತಿಲ್ಲ. ಎಲ್ಲರೂ ಫ್ಯಾನ್ ಹಾಕಿದರೆ ನಾನು ಶಾಲು ಹುಡುಕುತ್ತಿದ್ದೆ. ಕೊನೆಯ ಪೀರಿಯಡ್‌ನಲ್ಲಿ ಪಾಠ ಮಾಡುತ್ತಲೇ ಕಣ್ಣು ಎಳೆಯುತ್ತಿತ್ತು. ಧ್ವನಿ ದಪ್ಪಗಾಗಿ, "ಮಿಸ್, ಗಂಟಲು ಕಟ್ಟಿದೆಯಾ?" ಅಂತ ಮಕ್ಕಳೇ ಕೇಳಿದರು.

ಮಾತ್ರೆ ಬಿಟ್ಟು ಆರು ವಾರಕ್ಕೆ ಟಿಎಸ್‌ಎಚ್ 48. ಟಿ4 ತಳ ಕಂಡಿತ್ತು. ಟ್ರ್ಯಾಬ್ 11.

ನನಗೆ ತಲೆ ಕೆಟ್ಟಿತು. ಆಂಟಿಬಾಡಿ ಇನ್ನೂ ಇದೆ, 5ರಿಂದ 11ಕ್ಕೆ ಏರಿಯೂ ಇದೆ. ತಡೆಯುವ ಔಷಧಿಯೂ ಇಲ್ಲ. ಹಾಗಾದರೆ ಥೈರಾಯ್ಡ್ ಓಡಬೇಕಿತ್ತು ಅಲ್ವಾ? ಪಿಟ್ಯುಟರಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರೂ ಅದು ಯಾಕೆ ಅಲ್ಲಾಡುತ್ತಿಲ್ಲ?

"ಈ ಪರೀಕ್ಷೆ ಹೇಳೋದು ಕುರ್ಚಿ ಮೇಲೆ ಯಾರೋ ಕೂತಿದ್ದಾರೆ ಅಂತ ಮಾತ್ರ" ಅಂದರು ಡಾಕ್ಟರ್. "ಕೂತು ಏನು ಮಾಡ್ತಿದ್ದಾರೆ ಅಂತ ಹೇಳಲ್ಲ."

ಇದು ನನಗೆ ಮೊದಲ ದಿನವೇ ಗೊತ್ತಿದ್ದರೆ ಚೆನ್ನಾಗಿತ್ತು. ಟಿಎಸ್‌ಎಚ್ ರಿಸೆಪ್ಟರ್‌ಗೆ ಅಂಟುವ ಆಂಟಿಬಾಡಿಗಳೆಲ್ಲ ಒಂದೇ ಥರ ಅಲ್ಲ. ಕೆಲವು ರಿಸೆಪ್ಟರನ್ನು ಎಬ್ಬಿಸುತ್ತವೆ. ಇನ್ನು ಕೆಲವು ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕೂರುತ್ತವೆ, ಆದರೆ ಸ್ವಲ್ಪ ಬೇರೆ ಕೋನದಲ್ಲಿ. ರಿಸೆಪ್ಟರ್ ಮಲಗಿದ್ದಲ್ಲೇ ಇರುತ್ತದೆ. ಟಿಎಸ್‌ಎಚ್ ಬಂದರೆ ಕೂರಲು ಜಾಗ ಇಲ್ಲ. ಬಾಗಿಲಲ್ಲೇ ಅಡ್ಡ ಮಲಗಿದ ಹಾಗೆ: ತಾನೂ ಒಳಗೆ ಹೋಗುವುದಿಲ್ಲ, ಬೇರೆಯವರನ್ನೂ ಬಿಡುವುದಿಲ್ಲ. ಕಿಟ್‌ನ ಎಂ22ಗೂ ಸೀಟ್ ಸಿಗುವುದಿಲ್ಲ. ಹಾಗಾಗಿ ಲ್ಯಾಬಿನ ಅಂಕಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಖಚಿತ ಮಾಡಿಕೊಳ್ಳಲು ಬೇರೆ ಪರೀಕ್ಷೆಗೆ ರಕ್ತ ಕಳಿಸಿದರು. ಇದರಲ್ಲಿ ಬರೀ ರಿಸೆಪ್ಟರ್ ಅಲ್ಲ, ಬದುಕಿರುವ ಜೀವಕೋಶಗಳೇ ಇರುತ್ತವೆ. ಹ್ಯಾಮ್‌ಸ್ಟರ್ ಅನ್ನುವ ಇಲಿ ಜಾತಿಯ ಪ್ರಾಣಿಯ ಜೀವಕೋಶಕ್ಕೆ ಟಿಎಸ್‌ಎಚ್ ರಿಸೆಪ್ಟರ್ ಸೇರಿಸಿ, ಸೈಕ್ಲಿಕ್ ಎಎಂಪಿ ಹುಟ್ಟಿದರೆ ಮಿಂಚುಹುಳದ ಹಾಗೆ ಬೆಳಗುವಂತೆ ಮಾಡಿರುತ್ತಾರೆ. ಎಬ್ಬಿಸುವ ಆಂಟಿಬಾಡಿ ಇದ್ದರೆ ಬೆಳಕು ಬರುತ್ತದೆ. ನನ್ನ ಸೀರಂ ಹಾಕಿದಾಗ ಬರಲಿಲ್ಲ. ಟಿಎಸ್‌ಎಚ್ ಜೊತೆ ಸೇರಿಸಿ ಹಾಕಿದಾಗಲೂ ಬೆಳಕು ಮಂಕು. ಅಡ್ಡ ಮಲಗಿರುವವರೇ.

ಒಬ್ಬರ ದೇಹವೇ ಎರಡೂ ಥರದ್ದನ್ನು ತಯಾರಿಸುವುದಾ ಅಂತ ಕೇಳಿದೆ. ಮಾಡುತ್ತದಂತೆ. ಕೆ1-18 ಮತ್ತು ಕೆ1-70 ಅಂತ ಎರಡು ಆಂಟಿಬಾಡಿಗಳಿವೆ, ಮೊದಲನೆಯದು ಎಬ್ಬಿಸುವುದು, ಎರಡನೆಯದು ತಡೆಯುವುದು. ಎರಡೂ ಒಬ್ಬರೇ ರೋಗಿಯ ರಕ್ತದಿಂದ ಸಿಕ್ಕಿದವು. ಯಾವುದರ ಕೈ ಮೇಲಾಗುತ್ತದೋ ಆ ಕಾಯಿಲೆ ಹೊರಗೆ ಕಾಣುತ್ತದೆ. ಔಷಧಿ ನಡೆಯುತ್ತಿರುವಾಗ ಕೈ ಬದಲಾಗುವುದೂ ಉಂಟು, ಅಪರೂಪಕ್ಕೆ. ಮತ್ತೆ ಹಿಂದಕ್ಕೆ ಬದಲಾಗಲೂಬಹುದು.

ಅಕ್ಕನದು ಈ ಕಥೆಯೇ ಅಲ್ಲ ಅಂತ ಆಗ ಗೊತ್ತಾಯಿತು. ಅವಳದು ಹಶಿಮೊಟೊ, 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದ ಕಾಯಿಲೆ. ಅಲ್ಲಿ ರಿಸೆಪ್ಟರ್ ಮೇಲೆ ಜಗಳ ಇಲ್ಲ. ರಕ್ಷಣೆಗೆ ಇರಬೇಕಾದ ಬಿಳಿರಕ್ತಕಣಗಳು ಕಾರ್ಖಾನೆಗೇ ನುಗ್ಗಿ ಯಂತ್ರಗಳನ್ನು ಒಂದೊಂದಾಗಿ ಮುರಿಯುತ್ತವೆ. ಅವಳ ರಿಪೋರ್ಟಿನಲ್ಲಿ ಜಾಸ್ತಿ ಇದ್ದದ್ದು ಟಿಪಿಒ ಆಂಟಿಬಾಡಿ, ಅಂದರೆ ಥೈರಾಯ್ಡ್‌ನ ಒಳಗಿನ ಒಂದು ಕಿಣ್ವಕ್ಕೆ ಅಂಟುವಂಥದ್ದು. ನನ್ನ ಕಾರ್ಖಾನೆ ಗಟ್ಟಿಯಾಗೇ ಇದೆ, ಕರೆಂಟ್ ಬರುತ್ತಿಲ್ಲ ಅಷ್ಟೇ. ಒಂದೇ ಮನೆಯಲ್ಲಿ ಹೀಗೆ ಬೇರೆ ಬೇರೆ ರೂಪದಲ್ಲಿ ಬರುವುದು ಹೊಸದೇನಲ್ಲ.

ಈಗ ನಾನು ಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದೇನೆ, 75 ಮೈಕ್ರೊಗ್ರಾಂ. ಮೂರು ತಿಂಗಳಿಗೊಮ್ಮೆ ಟಿಎಸ್‌ಎಚ್, ಟಿ4, ಟ್ರ್ಯಾಬ್. ಮಗು ಬೇಕು ಅಂತ ಯೋಚಿಸಿದರೆ ಮೊದಲೇ ಹೇಳಬೇಕು ಅಂತ ಡಾಕ್ಟರ್ ಗಟ್ಟಿಯಾಗಿ ಹೇಳಿದ್ದಾರೆ. ಐಜಿಜಿ ಆಂಟಿಬಾಡಿ ಮಾಸನ್ನು (ಪ್ಲಾಸೆಂಟಾ) ದಾಟಿ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ, ಮಗುವಿನ ಥೈರಾಯ್ಡ್ ಮೇಲೂ ಕೂರುತ್ತದೆ. ಎಬ್ಬಿಸುತ್ತದೋ, ಅಡ್ಡ ಮಲಗುತ್ತದೋ ಅಂತ ಅದಕ್ಕೂ ಮೊದಲೇ ತಿಳಿದಿರಬೇಕು. ರಕ್ತ ತೆಗೆಯುವ ಹುಡುಗ ಸೂಜಿ ಚುಚ್ಚುವ ಮೊದಲೇ ನಾನು ಹೇಳಿಬಿಡುತ್ತೇನೆ: ಬಯೋಟಿನ್ ತಗೊಂಡಿಲ್ಲ. ಅವನು ಕೇಳಿರುವುದಿಲ್ಲ.

ಅಕ್ಕ ಕಳೆದ ವಾರ ಮನೆಗೆ ಬಂದಿದ್ದಳು. ಬೆಳಿಗ್ಗೆ ಎದ್ದು ಇಬ್ಬರೂ ಒಂದೊಂದು ಲೋಟ ನೀರು ಹಿಡಿದು ನಿಂತೆವು. ಅವಳು ನನ್ನ ಬಾಟಲಿ ತಿರುಗಿಸಿ ನೋಡಿದಳು. ಅದೇ ಔಷಧಿ, ಅದೇ 75.

"ನಾನು ಅವತ್ತೇ ಹೇಳಿರ್ಲಿಲ್ವೇನೇ, ನನ್ನ ಮಾತ್ರೆ ತಗೋ ಅಂತ?"